ಭಗವಂತನ ಮಣ್ಣು

ರೊಟ್ಟಿಯ ತಟ್ಟೆ ಹಿಡಿದುಕೊಂಡು ಹುಲೆಪ್ಪ ಪಾದ್ರಿಗಳು ಹಿಂದಿನ ಸಾಲಿಗೆ ಬರುವಷ್ಟರಲ್ಲಿ ಮಲ್ಕಮ್ಮ ಎದ್ದಳು. ಅವಸರವೇನೂ ಇರಲಿಲ್ಲ. ಸೆರಗು ಕೊಡವಿದಳು, ಪಕ್ಕದಲ್ಲಿ ಮಲಗಿದ್ದ ಯಾರದೋ ಕೂಸಿಗೆ ಕಾಲು ತಾಗದಂತೆ ದಾಟಿದಳು, ತಲೆ ಬಗ್ಗಿಸಿ ಸಣ್ಣ ಬಾಗಿಲಿನಿಂದ ಹೊರಗೆ ಹೋದಳು. ಅವಳು ಕೂತಿದ್ದ ಜಾಗದ ಮುಂದೆ ಪಾದ್ರಿಗಳು ಒಂದು ಗಳಿಗೆ ನಿಂತರು. ಆಮೇಲೆ ತಟ್ಟೆಯನ್ನು ಆಚೆಯವಳ ಕಡೆಗೆ ಚಾಚಿದರು.

ಸರಸಂಬಾದ ಆ ಮಣ್ಣಿನ ಗೋಡೆಯ ದೇವಾಲಯದಲ್ಲಿ ಯಾರಿಗೂ ಇದು ಹೊಸದಲ್ಲ. ಮಲ್ಕಮ್ಮ ಹಾಡಿಗೆ ಬರುತ್ತಿದ್ದಳು, ಪ್ರಾರ್ಥನೆಗೆ ಬರುತ್ತಿದ್ದಳು, ಪ್ರಭುಭೋಜನದ ಹೊತ್ತಿಗೆ ಎದ್ದು ಹೋಗುತ್ತಿದ್ದಳು. ನಡುವೆ ಹುಲೆಪ್ಪನವರಿಗೆ ಅಫಜಲಪುರಕ್ಕೆ, ಅಲ್ಲಿಂದ ಜೇವರ್ಗಿಗೆ ವರ್ಗವಾಗಿ ಹನ್ನೆರಡು ವರ್ಷ ಬೇರೆ ಪಾದ್ರಿಗಳು ಬಂದು ಹೋದರು. ಅವರೆಲ್ಲರ ಕೈಯಿಂದ ಅವಳು ರೊಟ್ಟಿ ತೆಗೆದುಕೊಂಡಿದ್ದಳು. ಹುಲೆಪ್ಪನವರು ಆಳಂದಕ್ಕೆ ತಿರುಗಿ ಬಂದು ಸರಸಂಬಾದಲ್ಲಿ ತಟ್ಟೆ ಹಿಡಿದ ಮೊದಲ ಭಾನುವಾರವೇ ಮತ್ತೆ ಎದ್ದು ಹೋದಳು.

ಇವತ್ತು ಕಡೆಯ ಸಲ. ಮೂವತ್ತೊಂದು ವರ್ಷದ ಸೇವೆ ಮುಗಿದಿತ್ತು. ಬರುವ ವಾರ ಹುಲೆಪ್ಪನವರೂ ಅವರ ಹೆಂಡತಿ ಅಂಬುಬಾಯಿಯೂ ಆಳಂದದ ಮನೆ ಬಿಟ್ಟು ಅವಳ ತಮ್ಮನ ಊರಾದ ಹುಮನಾಬಾದಕ್ಕೆ ಹೊರಡುವವರು. ಅದಕ್ಕೆ ಮುಂಚೆ ತಾವು ತಿರುಗಿದ ಊರುಗಳಿಗೆಲ್ಲ ಒಂದು ಸುತ್ತು ಹೋಗಿ ಬಂದಿದ್ದರು. ಕೊಳಕೂರಿನ ಹತ್ತಿರ ಭೀಮಾ ದಾಟಿಸುವ ಹುಸೇನಪೀರ ಹರಗೋಲಿನಲ್ಲೇ ಅವರ ಕಾಲು ಮುಟ್ಟಿ, "ನೀವು ಕೂತಾಗ ನನ್ನ ಹರಗೋಲ ಒಮ್ಮೆನೂ ತಿರುಗಿ ಬಿದ್ದಿಲ್ರಿ" ಎಂದು ಕಣ್ಣು ಒರೆಸಿಕೊಂಡಿದ್ದ. ಮಟಕಿಯಲ್ಲಿ ಒಬ್ಬ ಮುದುಕಿ, ತನಗೆ ಮಣ್ಣಿನ ಮೇಲೆ ಕಡ್ಡಿಯಿಂದ ಅ ಆ ಬರೆಸಿದ್ದು ಇವರೇ ಎಂದು ಊರಿಗೆಲ್ಲ ಹೇಳುತ್ತ, ತನ್ನ ಹೆಸರನ್ನು ಗೋಡೆಯ ಮೇಲೆ ಇದ್ದಿಲಿನಿಂದ ಬರೆದು ತೋರಿಸಿದ್ದಳು. ತಹಸೀಲಿಗೆ ಅರ್ಜಿ ಬರೆದುಕೊಟ್ಟದ್ದು, ವಾಂತಿಭೇದಿ ಬಂದ ವರ್ಷ ಯಾರೂ ಮುಟ್ಟದ ಹೆಣಗಳನ್ನು ಹೊತ್ತದ್ದು, ಮದುವೆ ಮಾಡಿಸಿದ ಜೋಡಿ ಜಗಳಾಡಿದರೆ ಮತ್ತೆ ನಡೆದು ಹೋಗಿ ಕೂಡಿಸಿದ್ದು, ಎಲ್ಲವನ್ನೂ ಜನ ನೆನೆದು ನೆನೆದು ಹೇಳಿದ್ದರು. ಕೇಳುತ್ತ ಹುಲೆಪ್ಪನವರಿಗೆ ಸಂತೋಷವಾಗುತ್ತಿತ್ತು. ಆದರೆ ಸರಸಂಬಾದ ಸರದಿಯನ್ನು ಮಾತ್ರ ಮುಂದೂಡುತ್ತ ಕಡೆಗೆ ಉಳಿಸಿಕೊಂಡಿದ್ದರು.

ಬೆಳಿಗ್ಗೆ ಹೊರಡುವಾಗ ಅಂಬುಬಾಯಿ ನಿಲುವಂಗಿಯನ್ನು ಮಡಿಸಿ ಪೆಟ್ಟಿಗೆಯಲ್ಲಿ ಇಡುತ್ತ ಒಂದೇ ಮಾತು ಅಂದಿದ್ದಳು: "ಮಲ್ಕಮ್ಮನ ಮನಿಗೆ ಹೋಗಿ ಬರ್ರಿ. ಇವತ್ತು ಹೋಗಲಿಲ್ಲಂದ್ರ ಮತ್ತ ಎಂದೂ ಹೋಗಂಗಿಲ್ಲ ನೀವು."

ಆರಾಧನೆ ಮುಗಿದ ಮೇಲೆ ಜನ ಬಂಡಿಯನ್ನು ತುಂಬತೊಡಗಿದರು. ಕುಂಬಳಕಾಯಿ, ಒಂದು ಚೀಲ ಜೋಳ, ಕಾಲು ಕಟ್ಟಿದ ಕೋಳಿ, ಯಾರೋ ನೇಯ್ದ ಕಂಬಳಿ. ಆಳಂದದ ಬಂಡಿಯ ಗುಡುಸಾಬ ಹೊತ್ತು ನೋಡಿ, "ಈಗ ಹೂಡಿದ್ರ ದೀಪ ಹಚ್ಚೋದ್ರಾಗ ಊರು ಮುಟ್ತೀವ್ರಿ" ಅಂದ.

"ಒಂದೀಟು ನಿಂದ್ರಪಾ," ಎಂದು ಹುಲೆಪ್ಪನವರು ಕೊರಳಿನ ಹೂವಿನ ಹಾರ ತೆಗೆದು ಬಂಡಿಯ ಗೂಟಕ್ಕೆ ಸಿಕ್ಕಿಸಿ ಕೇರಿಯ ಕಡೆಯ ತುದಿಗೆ ನಡೆದರು.

ಹದಿನೆಂಟು ವರ್ಷದ ಹಿಂದೆ ನಡೆದದ್ದು ಹೀಗೆ. ಮಲ್ಕಮ್ಮನ ಗಂಡನ ಹೆಸರು ಭಗವಂತ. ದೀಕ್ಷಾಸ್ನಾನದ ದಿನ ಹುಲೆಪ್ಪನವರು ಅವನಿಗೆ ದಾನಿಯೇಲ ಎಂದು ಹೆಸರಿಟ್ಟಿದ್ದರು. ಹಾಗೆ ಕರೆಯುವವರು ಮಾತ್ರ ಯಾರೂ ಇರಲಿಲ್ಲ. ಮರುವರ್ಷ ಅವನ ಒಬ್ಬಳೇ ಮಗಳು ಶರಣಬಸಮ್ಮನಿಗೆ ಸಿಡುಬು ಬಂತು, ಮೈಮೇಲೆ ಅಮ್ಮ ಎದ್ದಳು. ಮೂರು ವರ್ಷದ ಕೂಸು ಎಂಟು ದಿನ ಕಣ್ಣು ತೆರೆಯಲಿಲ್ಲ. ಭಗವಂತ ಪ್ರಾರ್ಥನೆ ಮಾಡಿದ, ಮಾಡಿಸಿದ. ಒಂಬತ್ತನೆಯ ದಿನ ಯಾರಿಗೂ ಕಾಣದಂತೆ ಒಂದು ಕೋಳಿ ತೆಗೆದುಕೊಂಡು ಊರದೇವತೆ ಮರಗಮ್ಮನ ಕಟ್ಟೆಗೆ ಹೋಗಿ ಬಂದ. ಕೂಸು ಉಳಿಯಿತು. ಸುದ್ದಿ ಮಾತ್ರ ಮುಚ್ಚಿ ಉಳಿಯಲಿಲ್ಲ, ಹಬ್ಬಿತು. ಹುಲೆಪ್ಪನವರು ಸಭೆಯ ಮುಂದೆ ಅವನನ್ನು ನಿಲ್ಲಿಸಿ ಆರು ತಿಂಗಳು ಹೊರಗಿಟ್ಟರು. ಎರಡನೆಯ ತಿಂಗಳಲ್ಲಿ ಜೋಳ ಕೊಯ್ಯುವಾಗ ಅವನು ಹಾವು ಮುಟ್ಟಿ ಸತ್ತ.

ಮೈಯೆಲ್ಲ ಅಮ್ಮನ ಕಲೆ ಮಾಸದಿದ್ದ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಮಲ್ಕಮ್ಮ ಬಂದು ಬೇವಿನ ಮರದ ಕೆಳಗೆ ಅವರ ಮುಂದೆ ನಿಂತಿದ್ದಳು. ಸಭೆಯ ಮಸಣದಲ್ಲಿ ಜಾಗ ಕೊಡಲಾಗದು ಎಂದು ಹುಲೆಪ್ಪನವರು ಅಂದರು. ದೀಕ್ಷೆ ತೆಗೆದುಕೊಂಡವನಿಗೆ ತಮ್ಮ ಮಸಣದಲ್ಲಿ ಜಾಗವಿಲ್ಲ ಎಂದು ಕುಲದವರೂ ಅಂದರು. ಕೊನೆಗೆ ಅವಳೂ ಅವಳ ಅಣ್ಣನೂ ಹೆಣವನ್ನು ಏಣಿಗೆ ಕಟ್ಟಿ ಒಯ್ದು ಹಳ್ಳದ ದಂಡೆಯ ಬನ್ನಿ ಗಿಡದ ಕೆಳಗೆ ಹೂಳಿದರು. ಒಂದು ಮಾತಿನ ಪ್ರಾರ್ಥನೆಯೂ ಆಗಲಿಲ್ಲ.

ಇವತ್ತು ಹುಲೆಪ್ಪನವರು ಹೋದಾಗ ಮಲ್ಕಮ್ಮ ಅಂಗಳದಲ್ಲಿ ಕೂತು ಕೆಂಡದಲ್ಲಿ ಹಸಿ ಜೋಳದ ತೆನೆ ಸುಡುತ್ತಿದ್ದಳು. ಅವರನ್ನು ಕಂಡು ಏಳಲಿಲ್ಲ.

"ಕೂಡ್ರಿ ಅಯ್ನೋರ. ಬಿಸಿಲಾಗ ನಿಂತು ತಲಿ ತಿರುಗಿ ಬಿದ್ರ ಮಂದಿ ನನಗಽ ಅಂತಾರ."

ಹುಲೆಪ್ಪನವರು ಕಟ್ಟೆಯ ಮೇಲೆ ಕೂತರು. ಅವಳು ಸುಟ್ಟ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಹಸಿರು ಹಸಿರಾದ ಸೀತನಿಯನ್ನು ಒಂದು ಪರಾತದಲ್ಲಿ ಹಾಕಿ ಬೆಲ್ಲದ ಚೂರಿನ ಸಮೇತ ಮುಂದೆ ಸರಿಸಿದಳು. ಬಿಸಿ ಕಾಳು ಬಾಯಿಗೆ ಹಾಕಿಕೊಂಡಾಗ ಅವರಿಗೆ ಮಾತು ಸಲೀಸಾಯಿತು.

"ಅಫಜಲಪುರಕ್ಕೂ ಕಳಿಸಿದಿ, ಜೇವರ್ಗಿಗೂ ಕಳಿಸಿದಿ. ಒಂದು ವರ್ಷನೂ ತಪ್ಪಿಸಲಿಲ್ಲ ತಂಗಿ. ಸೀತನಿ ಬಂದಾಗೆಲ್ಲ ನಾ ಅನಕೋತಿದ್ದೆ, ಮಲ್ಕಮ್ಮನ ಸಿಟ್ಟು ಇಳಿಯಾಕತ್ತದ ಅಂತ."

ಮಲ್ಕಮ್ಮ ತೆನೆ ತಿಕ್ಕುವುದನ್ನು ನಿಲ್ಲಿಸಿ ಅವರ ಮುಖ ನೋಡಿದಳು. ಅವಳಿಗೆ ನಗು ಬಂದುಬಿಟ್ಟಿತು.

"ನಿಮಗ ಕಳಿಸ್ತಿದ್ನೇನ್ರಿ ಅದನ್ನ? ಅಂಬಕ್ಕಗ ಕಳಿಸ್ತಿದ್ದೆ."

"ಅಂಬುಗ?"

"ಮತ್ತ! ಅವತ್ತು ಅವನ ಮ್ಯಾಲ ಹೊಚ್ಚಾಕ ನನ್ನ ಮನ್ಯಾಗ ಒಂದು ತುಂಡು ಹೊಸ ಅರಿವಿ ಇರಲಿಲ್ಲ. ಅಂಬಕ್ಕ ಹಿತ್ತಲದಾಗಿಂದ ಬಂದು ನಿಮ್ಮ ಧೋತರ ಕೊಟ್ಟು ಹೋದಳು. ಹೊಸಾದು, ಗಳಿಗಿನೂ ಮುರದಿರಲಿಲ್ಲ."

ಹುಲೆಪ್ಪನವರಿಗೆ ಆ ಧೋತರ ನೆನಪಾಯಿತು. ಆ ವಾರ ಮಿಶನ್ನಿನ ದೊರೆ ತಪಾಸಣೆಗೆ ಬರುವವರಿದ್ದುದರಿಂದ ಅಂಬುಬಾಯಿಯೂ ಸರಸಂಬಾಕ್ಕೆ ಜತೆಗೆ ಬಂದಿದ್ದಳು. ದೊರೆಯ ಮುಂದೆ ಉಡಬೇಕೆಂದು ತಂದಿದ್ದ ಧೋತರ ಪೆಟ್ಟಿಗೆಯಲ್ಲಿ ಇರಲಿಲ್ಲ. ಇಸ್ತ್ರಿಗೆ ಕೊಟ್ಟದ್ದನ್ನು ಅಗಸ ಕಳೆದನೆಂದು ಅವಳು ಅಂದಿದ್ದಳು. ಏನೂ ಅರಿಯದ ಅಗಸನನ್ನು ಇವರು ಬಾಯಿಗೆ ಬಂದಂತೆ ಅಂದಿದ್ದರು. ಹದಿನೆಂಟು ವರ್ಷ ಒಂದೇ ಸೂರಿನ ಕೆಳಗೆ ಇದ್ದು ಅಂಬುಬಾಯಿ ಆ ಸುದ್ದಿ ಎತ್ತಿರಲಿಲ್ಲ. ಸೀತನಿಯ ಗಂಟು ಬಂದಾಗೊಮ್ಮೆ ಅವಳು ಒಳಗೆ ಹೋಗಿ ಒಬ್ಬಳೇ ಬಿಚ್ಚುತ್ತಿದ್ದದ್ದು ಈಗ ಕಣ್ಣಿಗೆ ಕಟ್ಟಿತು.

ಅವರು ಪರಾತವನ್ನು ಬದಿಗಿಟ್ಟರು.

"ತಂಗಿ, ಅವತ್ತು ನಾ ನೇಮ ಅಂದೆ, ಶಿಸ್ತು ಅಂದೆ. ಖರೆ ಅದಲ್ಲ. ದೊರಿ ಬರೋರಿದ್ರು. ಮರಗಮ್ಮಗ ಕೋಳಿ ಕೊಟ್ಟಾಂವನ್ನ ಸಭಾದ ಜಾಗಾದಾಗ ಇಟ್ಟಾನ ಅಂತ ಅವರಿಗೆ ಗೊತ್ತಾದ್ರ ಏನಂತಾರೋ ಅಂತ ಅಂಜಿದೆ. ಅಷ್ಟಽ. ನನ್ನ ಮಾಫ್ ಮಾಡು."

"ಅಂಜಿದ್ದು ನನಗ ಅವತ್ತಽ ಗೊತ್ತಾಗಿತ್ತು," ಅಂದಳು ಮಲ್ಕಮ್ಮ. "ನನ್ನ ಕೂಡ ಮಾತಾಡಕೋತ ದೊರಿ ಬರೋ ದಾರಿ ನೋಡಾಕತ್ತಿದ್ರಿ." ಸ್ವಲ್ಪ ಹೊತ್ತು ಕೆಂಡವನ್ನು ಕಡ್ಡಿಯಿಂದ ಕೆದಕಿದಳು. "ನನಗ ಮಾಫಿ ಕೇಳಿ ಏನಾಗಬೇಕ್ರಿ? ನನ್ನ ಮಗಳು ಉಳದಾಳ, ಅಫಜಲಪುರದಾಗ ಎರಡು ಮಕ್ಕಳ ತಾಯಿ ಆಗ್ಯಾಳ. ನನ್ನ ಸಂಸಾರ ನಡದದ. ಆದ್ರ ಅವನ ಮಣ್ಣು ಇನ್ನಾ ಆಗಿಲ್ಲ. ಅದನ್ನ ಮಾಡ್ರಿ."

"ಹದಿನೆಂಟು ವರ್ಷ ಆತಲ್ಲ ಯವ್ವಾ."

"ಹೌದ್ರಿ. ತಡ ಆಗ್ಯಾದ. ಅದಕ್ಕಽ ಜಲ್ದಿ ಮಾಡ್ರಿ ಅನ್ನಾಕತ್ತೇನಿ."

ಹುಲೆಪ್ಪನವರು ಎದ್ದು ನಿಂತರು. ಅವಳು ಕೂತಲ್ಲಿಂದಲೇ ಬೆರಳು ಎತ್ತಿದಳು. "ಕಳ್ಳರಂಗ ಇಬ್ಬರಽ ಹೋಗಿ ಗುಣುಗುಣು ಮಾಡಿ ಬರೋದು ಬ್ಯಾಡ. ಬಿಳಿ ಅಂಗಿ ಹಾಕೋರಿ. ಮಂದಿ ಬರಲಿ. ಮತ್ತ ದಾನಿಯೇಲ ಗೀನಿಯೇಲ ಅನಬ್ಯಾಡ್ರಿ. ಆ ಹೆಸರಿಗೆ ಅಂವ ಎಂದೂ ಓ ಅಂದಿಲ್ಲ."

ಬಂಡಿಯ ಹತ್ತಿರ ಜನ ಇನ್ನೂ ನಿಂತಿದ್ದರು. ವಿಷಯ ಕೇಳಿ ಗುಡುಸಾಬ ಕುಂಬಳಕಾಯಿಗಳನ್ನು ಇಳಿಸಿ ಅಡಿಯಿದ್ದ ನಿಲುವಂಗಿಯ ಪೆಟ್ಟಿಗೆ ಎಳೆದ. ಆದರೆ ಸಭೆಯ ಹಿರಿಯ ಗುರಣ್ಣ ಅಡ್ಡ ಬಂದ. ಅರವತ್ತರ ಹತ್ತಿರದ, ಮಾತು ಕಡಿಮೆಯ ಮನುಷ್ಯ. ಭಗವಂತ ಕೋಳಿ ಒಯ್ದ ಸುದ್ದಿಯನ್ನು ಅಂದು ಹುಲೆಪ್ಪನವರಿಗೆ ಮುಟ್ಟಿಸಿದವನು ಅವನೇ.

"ಇದು ಬ್ಯಾಡ್ರಿ ಅಯ್ನೋರ."

"ಯಾಕ ಗುರಣ್ಣ?"

"ನೀವು ಹೋಗೋರು. ನಾವು ಇಲ್ಲೇ ಇರೋರು. ಅಂವ ನಾನು ಒಂದಽ ಕಣದಾಗ ರಾಶಿ ಮಾಡಿದವರು. ನಿಮ್ಮ ಮಾತು ಕೇಳಿ ನಾ ಹೆಗಲು ಕೊಡಲಿಲ್ಲ. ಅದು ದೇವರ ಮಾತು ಅಂತ ತಿಳಕೊಂಡು ಇಷ್ಟು ವರ್ಷ ನಿದ್ದಿ ಮಾಡೀನಿ. ಈಗ ಅದು ತಪ್ಪಂದ್ರ ನಾ ಏನು ಮಾಡ್ಲಿ?"

"ತಪ್ಪು ನಂದು. ಹೇಳಿದಾಂವ ನಾನು."

"ಹೆಗಲು ನಂದಿತ್ತಲ್ರಿ," ಅಂದ ಗುರಣ್ಣ. ಅವನು ತಿರುಗಿ ತನ್ನ ಮನೆಯ ಕಡೆ ನಡೆದುಬಿಟ್ಟ.

ಹುಲೆಪ್ಪನವರು ನಿಲುವಂಗಿಯನ್ನು ತೊಟ್ಟು, ಪ್ರಾರ್ಥನೆಯ ಪುಸ್ತಕ ಹಿಡಿದು ಹಳ್ಳದ ದಾರಿ ಹಿಡಿದರು. ಮುಂದೆ ಮಲ್ಕಮ್ಮ. ಹಿಂದೆ ಹೆಂಗಸರು ಹೊರಟರು, ಆಮೇಲೆ ಒಬ್ಬೊಬ್ಬರಾಗಿ ಗಂಡಸರು. ಬಂಡಿಯನ್ನು ಹಿಂದೆ ಬಿಡುವುದೇಕೆಂದು ಗುಡುಸಾಬನೂ ಹೂಡಿಕೊಂಡು ಬಂದ.

ಬನ್ನಿ ಗಿಡ ದೊಡ್ಡದಾಗಿತ್ತು. ಕೆಳಗೆ ಗುಡ್ಡೆಯ ಗುರುತೇ ಇರಲಿಲ್ಲ. ಮಳೆಗೆ ನೆಲ ಸಮನಾಗಿ, ಜಾಲಿಯ ಮುಳ್ಳು ಹಬ್ಬಿತ್ತು. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಹುಲೆಪ್ಪನವರು ಅತ್ತಿತ್ತ ನೋಡಿದರು. ಮಲ್ಕಮ್ಮ ಗಿಡದ ಬುಡದಿಂದ ಹೆಜ್ಜೆ ಎಣಿಸಿ ಐದನೆಯದಕ್ಕೆ ನಿಂತಳು. "ಇಲ್ಲಿ ತಲಿ," ಅಂದಳು.

ಆಗ ಹಿಂದಿನಿಂದ ಜನ ಸರಿದು ದಾರಿ ಮಾಡಿದರು. ಹೆಗಲ ಮೇಲೆ ಸಲಿಕೆ ಇಟ್ಟುಕೊಂಡು ಗುರಣ್ಣ ಬಂದಿದ್ದ. ಯಾರ ಮುಖವನ್ನೂ ನೋಡದೆ ಮುಳ್ಳು ಕಡಿದ, ಬೇರು ಕಿತ್ತ, ಹಳ್ಳದ ದಂಡೆಯಿಂದ ಮಣ್ಣು ಹೊತ್ತು ತಂದು ಸುರಿದ. ಒಬ್ಬಿಬ್ಬರು ಕೈಹಾಕಲು ಬಂದರೆ ತಲೆಯಾಡಿಸಿ ಬೇಡವೆಂದ. ಅವನ ಬೆನ್ನು ಬೆವತು ಅಂಗಿ ಅಂಟಿಕೊಂಡಿತು. ಗುಡ್ಡೆ ಒಬ್ಬ ಮನುಷ್ಯನ ಉದ್ದ ಆಗುವವರೆಗೆ ಅವನು ಸಲಿಕೆ ಕೆಳಗಿಡಲಿಲ್ಲ.

ಹುಲೆಪ್ಪನವರು ಪುಸ್ತಕ ತೆರೆದರು. ನೂರಾರು ಗೋರಿಗಳ ಮುಂದೆ ಓದಿದ ಮಾತುಗಳು ಅವು, ನಿದ್ದೆಯಲ್ಲೂ ಹೇಳಬಲ್ಲರು. ಆದರೆ ಇವತ್ತು ಅಕ್ಷರಕ್ಕೆ ಬೆರಳಿಟ್ಟು ನಿಧಾನವಾಗಿ, ಹಳ್ಳದ ಆಚೆಗೂ ಕೇಳುವಂತೆ ಓದಿದರು. ಸತ್ತವನ ಹೆಸರು ಹೇಳುವಲ್ಲಿಗೆ ಬಂದಾಗ ತಡೆದರು. ಮಲ್ಕಮ್ಮ ತಲೆಯೆತ್ತಿದಳು.

"ಭಗವಂತಾ, ನಿನ್ನ ಮಗನಾದ ಈ ಭಗವಂತನನ್ನು ನಿನ್ನ ಹತ್ತಿರ ಕರೆದುಕೋ," ಅಂದರು. ಇಬ್ಬರಿಗೂ ಒಂದೇ ಹೆಸರಾಯಿತೆಂದು ಯಾರೂ ನಗಲಿಲ್ಲ.

ಅವರು ಬಗ್ಗಿ ಒಂದು ಹಿಡಿ ಮಣ್ಣು ಹಾಕಿದರು. ಜನ ಸಾಲಾಗಿ ಬಂದು ಹಾಕಿದರು. ಗುಡುಸಾಬ ಚಪ್ಪಲಿ ಬಿಟ್ಟು ಬಂದು ಹಾಕಿದ, ಎರಡೂ ಅಂಗೈ ಎತ್ತಿ ತನ್ನ ಮಾತಿನಲ್ಲಿ ಏನೋ ಕೇಳಿಕೊಂಡು ಮುಖ ಸವರಿಕೊಂಡ. ಗುರಣ್ಣ ಕೊನೆಯಲ್ಲಿ ಬಂದ. ಹಿಡಿಯಲ್ಲಿದ್ದ ಮಣ್ಣನ್ನು ಬಹಳ ಹೊತ್ತು ಬಿಡಲಿಲ್ಲ. ಮಲ್ಕಮ್ಮ ಅವನ ಮೊಣಕೈ ಮುಟ್ಟಿ, "ಹಾಕೋ ಅಣ್ಣಾ, ನೀ ಹಾಕಲಾರದ ಮುಗಿಯಂಗಿಲ್ಲ," ಅಂದಳು. ಆಗ ಬಿಟ್ಟ.

ಜನ ಒಬ್ಬೊಬ್ಬರಾಗಿ ಊರಿನ ಕಡೆ ಹೊರಟರು. ಮಲ್ಕಮ್ಮ ಹೋಗಲಿಲ್ಲ. ಗುಡ್ಡೆಯ ಪಕ್ಕದಲ್ಲಿ ಕಾಲು ಚಾಚಿ ಕೂತು ಹಸಿ ಮಣ್ಣನ್ನು ಅಂಗೈಯಿಂದ ನುಣ್ಣಗೆ ತಟ್ಟುತ್ತ ಗಂಡನನ್ನು ಬಯ್ಯತೊಡಗಿದಳು.

"ಕೇಳಿದೇನ್ ಲೇ? ಎಷ್ಟು ಚಂದ ಓದಿದ್ರು ನೋಡು. ನೀ ಇದ್ದಿದ್ರ ಅರ್ಧಕ್ಕಽ ಆಕಳಸ್ತಿದ್ದಿ. ನಿನ್ನ ಮಗಳಿಗೆ ಎರಡು ಹುಡುಗ್ಯಾರು. ಸಣ್ಣಾಕಿಗೆ ನಿಂದಽ ಮೂಗು, ಪಾಪ. ಮೂಡಲ ಹೊಲದ ಬದು ನಿಮ್ಮ ಅಣ್ಣ ಒತ್ತ್ಯಾನ, ನಾ ಬಿಟ್ಟಿಲ್ಲ..."

ಹದಿನೆಂಟು ವರ್ಷದ ಸುದ್ದಿ ಅಷ್ಟು ಬೇಗ ಮುಗಿಯುವಂಥದ್ದಲ್ಲ. ಹುಲೆಪ್ಪನವರು ಬಿಳಿಯ ನಿಲುವಂಗಿಯನ್ನು ಮೊಣಕಾಲಿನವರೆಗೆ ಎತ್ತಿಕೊಂಡು ಬನ್ನಿಯ ನೆರಳಿನಲ್ಲಿ, ಅವಳ ಮಾತು ಕೇಳುವಷ್ಟು ಹತ್ತಿರದಲ್ಲಿ, ನೆಲದ ಮೇಲೆ ಕೂತರು.

ಗುಡುಸಾಬ ಹತ್ತಿರ ಬಂದು ಮೆಲ್ಲಗೆ, "ಹೊತ್ತು ಇಳಿಯಾಕತ್ತದ್ರಿ. ಹೋಗೋಣೇನ್ರಿ?" ಅಂದ.

ಹುಲೆಪ್ಪನವರು ಇಲ್ಲವೆಂದು ತಲೆಯಾಡಿಸಿದರು. "ಎತ್ತಿನ ಕೊಳ್ಳ ಹರಿಯಪಾ. ನೀರು ಕುಡೀಲಿ."

ಗುಡುಸಾಬ ನೊಗ ಇಳಿಸಿದ. ಎತ್ತುಗಳೆರಡೂ ಕೊರಳು ಕೊಡವಿಕೊಂಡು, ದಂಡೆಯ ಸಡಿಲ ಮಣ್ಣಿನಲ್ಲಿ ಹುಷಾರಾಗಿ ಕಾಲೂರುತ್ತ ಇಳಿದು, ಹಳ್ಳದ ತಿಳಿ ನೀರಿಗೆ ಮೂತಿ ಇಟ್ಟವು.