ಅಕ್ಕ ಅಂಗಡಿ ಮಾರೋ ಪ್ಲಾನು

ವ್ಯಾಪಾರದ ಹೊತ್ತಲ್ಲಿ ಅಕ್ಕ ಶಟರ್ ಅರ್ಧ ಇಳಿಸಿ, ಟೈಲರ್ ಮಾಸ್ಟರ್ ಜೊತೆ ಗುಸುಗುಸು ಅಂತಿದ್ದಾಳೆ ಅಂದ್ರೆ ಏನರ್ಥ? ನಾನು ನೋಡಿರೋ ಎಲ್ಲಾ ಸಿನಿಮಾದಲ್ಲೂ ಒಂದೇ ಅರ್ಥ. ಆಸ್ತಿ ಕೈ ಬದಲಾಗ್ತಿದೆ.

ನಮ್ಮದು ಸ್ಕೂಲ್ ಯೂನಿಫಾರಂ ಹೊಲಿಯೋ ಅಂಗಡಿ. ಅಪ್ಪ ಶುರು ಮಾಡಿದ್ದು, ಈಗ ಅಕ್ಕ ನಡೆಸ್ತಾಳೆ. ಮೇಲಿನ ಅಟ್ಟ ಮಾತ್ರ ನಂದು. ಹಾಸಿಗೆ, ಪೋಸ್ಟರು, ಇಡೀ ಸಾಮ್ರಾಜ್ಯ ಅಲ್ಲೇ. ಅಂಗಡಿ ಹೋದ್ರೆ ನಾನು ಬೀದಿಗೆ.

"ಏನಕ್ಕಾ ಮೀಟಿಂಗು?"

"ನಿನಗ್ಯಾಕೆ? ಹೋಗಿ ಗುಂಡಿ ಹೊಲಿ."

ಇಷ್ಟು ಚಿಕ್ಕ ಡೈಲಾಗ್ ಹೊಡೆಯೋರು ಏನೋ ಮುಚ್ಚಿಡ್ತಿರ್ತಾರೆ. ಅಟ್ಟ ಹತ್ತಿ ಕಿವಿ ಕೊಟ್ಟೆ.

"ಹೋದ ವರ್ಷದ ಥರ ಆಗಬಾರದು ಮಾಸ್ಟರ್," ಅಂತಿದ್ಳು ಅಕ್ಕ. ಹೋದ ವರ್ಷ ಸ್ಕೂಲ್ ಶುರುವಾಗೋ ವಾರ ಎಲ್ಲರೂ ಒಟ್ಟಿಗೆ ನುಗ್ಗಿದ್ರು. ಬಟ್ಟೆ ಸಾಲಲಿಲ್ಲ. ಒಂದು ಮಗುವಿನ ಶರ್ಟಿಗಂತೂ ಒಂದು ತೋಳು ಉದ್ದ, ಇನ್ನೊಂದು ಗಿಡ್ಡ. ಆಮೇಲೆ ಉಳಿದ ವರ್ಷವೆಲ್ಲಾ ನೊಣ ಹೊಡೀತಾ ಕೂತ್ವಿ.

"ಈಗ್ಲೇ ಕೂತು ಇಡೀ ವರ್ಷದ್ದು ತೀರ್ಮಾನ ಮಾಡ್ಬಿಡೋಣ. ನಾಳೆ ಅವರು ನೋಡೋಕೆ ಬರ್ತಾರೆ. ಒಪ್ಪಿದ್ರೆ ಅಟ್ಟ ಖಾಲಿ ಮಾಡಿಸ್ಬೇಕು," ಅಂದ್ಳು ಅಕ್ಕ.

ಅಟ್ಟ! ನನ್ನ ಸಾಮ್ರಾಜ್ಯ!

ಮಾರನೇ ದಿನ ಅಕ್ಕ, ಮಾಸ್ಟರ್ ಇಬ್ಬರೂ ಬಟ್ಟೆ ರೇಟು ಕೇಳೋಕೆ ಹೋಗಿದ್ದಾಗ ವಿಲನ್ ಎಂಟ್ರಿ ಆಯ್ತು. ದಪ್ಪ ಕನ್ನಡಕ. ಗೋಡೆ ನೋಡ್ದ, ಮಿಷಿನ್ ಮುಟ್ಟಿದ, ತೂಗುಹಾಕಿದ್ದ ಶರ್ಟಿನ ಹೊಲಿಗೆ ಎಳೆದ.

"ಸಾರ್, ನಿಮ್ಮ ಒಳ್ಳೇದಕ್ಕೆ ಹೇಳ್ತೀನಿ," ಅಂದೆ ತಗ್ಗಿದ ದನಿಯಲ್ಲಿ. "ಈ ಅಂಗಡಿ ಸಹವಾಸ ಬೇಡ. ಅಟ್ಟದಲ್ಲಿ ಇಲಿ. ಇಲ್ಲಿ ಹೊಲಿದಿದ್ದು ಎರಡು ಸಲ ಒಗೆದ್ರೆ ಬಿಚ್ಕೊಳ್ಳುತ್ತೆ."

"ಹೌದಾ? ಹೇಳಿದ್ದು ಒಳ್ಳೇದಾಯ್ತಪ್ಪ," ಅಂತ ಹೊರಟೇ ಹೋದ. ನಾನು ಕಾಲರ್ ಎತ್ತಿ ಸ್ಲೋ ಮೋಷನ್‌ನಲ್ಲಿ ಒಂದು ರೌಂಡ್ ನಡೆದೆ.

ಅಕ್ಕ ಬಂದ ತಕ್ಷಣ ಬಿಲ್ಡಪ್ ಕೊಟ್ಟೆ. "ಓಡಿಸಿದೆ! ನಾನಿರೋವರೆಗೂ ಅಪ್ಪನ ಅಂಗಡಿನ ಯಾವನೂ ಕೊಂಡ್ಕೊಳ್ಳೋಕಾಗಲ್ಲ!"

"ಕೊಂಡ್ಕೊಳ್ಳೋದಾ? ಅವರು ಸ್ಕೂಲ್ ಮ್ಯಾನೇಜರ್ ಕಣೋ, ಕತ್ತೆ! ಮಧ್ಯಾಹ್ನ ಬರ್ಬೇಕಾದೋರು ಬೇಗ ಬಂದಿದ್ದಾರೆ. ಆರ್ಡರ್ ರಜದಲ್ಲೇ ಕೊಟ್ಬಿಡಿ, ನಿಧಾನಕ್ಕೆ ನೀಟಾಗಿ ಹೊಲಿದಿಡ್ತೀವಿ ಅಂತ ನಾನೇ ಕರೆಸಿದ್ದೆ."

"ಮತ್ತೆ ಅಟ್ಟ..."

"ಬಟ್ಟೆ ತುಂಬಿಡೋಕೆ!"

"ಮೊದಲೇ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಅಟ್ಟ ಬಿಟ್ಕೊಡ್ತಿದ್ಯಾ?"

ಅಕ್ಕ ಸ್ಟೂಲ್ ಮೇಲೆ ಕುಸಿದ್ಳು. ಈ ಆರ್ಡರ್ ಇಲ್ದಿದ್ರೆ ನಿಜವಾಗ್ಲೂ ಅಂಗಡಿ ಮಾರ್ಬೇಕಾಗುತ್ತೆ ಅಂತ ಮಾಸ್ಟರ್ ಮೆಲ್ಲಗೆ ಅಂದ್ರು.

ಒಂದು ಶರ್ಟ್ ಎತ್ಕೊಂಡು ಸ್ಕೂಲಿಗೆ ಓಡಿದೆ. ಮ್ಯಾನೇಜರ್ ಕಣ್ಣೆದುರೇ ಅಂಗಳದ ನಲ್ಲಿ ಕೆಳಗೆ ಒಗೆದೆ, ಹಿಂಡಿದೆ, ಕಲ್ಲಿಗೆ ಬಡಿದೆ, ಮತ್ತೆ ಒಗೆದೆ. ಅವರು ಹೊಲಿಗೆ ಎಳೆದು ನೋಡಿದ್ರು. ಒಂದು ದಾರಾನೂ ಅಲ್ಲಾಡಲಿಲ್ಲ.

"ನಿನ್ನ ನಂಬ್ಲಾ, ಶರ್ಟನ್ನ ನಂಬ್ಲಾ?"

"ಶರ್ಟನ್ನ ನಂಬಿ ಸಾರ್."

"ಇಲಿ?"

"ಅಟ್ಟದಲ್ಲಿರೋದು ನಾನೊಬ್ನೇ ಸಾರ್."

ಅವರು ಕನ್ನಡಕದ ಮೇಲಿಂದ ನನ್ನನ್ನೇ ದಿಟ್ಟಿಸಿದ್ರು. "ಸಂಜೆ ಬರ್ತೀನಿ. ಅಟ್ಟ ನೋಡಿದ ಮೇಲೇ ಆರ್ಡರ್ ಮಾತು."

ಸಂಜೆಗೆ ಇನ್ನೂ ಹೊತ್ತಿತ್ತು. ನಾನಾಗಲೇ ಹಾಸಿಗೆ ಸುತ್ತಿ ಏಣಿ ಇಳೀತಿದ್ದೆ.