ಬಿಸಿಯಾದರೆ ಹೇಳಿ

ಮೇಜಿನ ಮೇಲೆ ಎರಡು ಲೇಸರ್ ಯಂತ್ರಗಳು ಮುನಿಸಿಕೊಂಡ ಅಕ್ಕತಂಗಿಯರ ಹಾಗೆ ಕೂತಿದ್ದವು. ಒಂದು ತಣ್ಣನೆಯದು, ಮೈಗೆ ತಾಗಿದ್ದೇ ತಿಳಿಯುವುದಿಲ್ಲ. ಇನ್ನೊಂದು ಬಿಸಿಯದು, ಒಂದೇ ಕಡೆ ನಿಂತರೆ ಚರ್ಮ ಸುಡುತ್ತದೆ. ಚಿಕ್ಕಮ್ಮ ತನ್ನ ನೋವಿನ ಚಿಕಿತ್ಸಾಲಯಕ್ಕೆ ಎರಡರಲ್ಲಿ ಒಂದನ್ನು ಆರಿಸಬೇಕಿತ್ತು.

“ಬಿಸಿಯದ್ದೇ ತಗೊಳ್ಳಿ ಮೇಡಂ,” ಎಂದ ಕಂಪನಿಯವನು. “ಬೆಚ್ಚಗಾದ್ರೇನೇ ಪೇಷೆಂಟ್‌ಗೆ ನಂಬಿಕೆ. ಸುಡೋ ಭಯ ಯಾಕೆ? ‘ಬಿಸಿಯಾದ್ರೆ ಹೇಳಿ’ ಅಂತ ಮೊದಲೇ ಹೇಳಿರ್ತೀವಲ್ಲ.”

ಯಾವ ಯಂತ್ರವಾದರೂ ಮೊದಲು ಮನೆಯವರ ಮೈಮೇಲೆ. ಅದು ಚಿಕ್ಕಮ್ಮನ ಪದ್ಧತಿ. ನನ್ನ ಭುಜದ ಸರದಿ ಮುಗಿದಿತ್ತು. ಅಷ್ಟರಲ್ಲಿ ಮಾವ ಬಂದ. ಚಿಕ್ಕಮ್ಮನ ಅಣ್ಣ, ಶಾಲಾ ಬಸ್ಸಿನ ಡ್ರೈವರ್. ಬಸ್ಸು ಬಾಗಿಲೆದುರೇ ನಿಂತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಮಕ್ಕಳನ್ನು ಕರೆತರಲು ಹೊರಡಬೇಕು.

“ಬಾ ಅಣ್ಣ, ಹಿಮ್ಮಡಿ ನೋವು ಅಂತಿದ್ಯಲ್ಲ. ಶುಗರ್ ಬೇರೆ ಇದೆ ನಿಂಗೆ. ಕಾಲು ಜೋಮು ಗೀಮು?”

“ಛೆ, ಛೆ! ಕುದುರೆ ಕಾಲು ಕಣೇ ಇದು. ಸುಟ್ಟು ಇದ್ದಿಲು ಮಾಡ್ಬೇಡ ಅಷ್ಟೆ, ಡಾಕ್ಟ್ರಮ್ಮ.”

ಮಾವ ತಾನೇ ಮೊದಲು ನಕ್ಕ. ತುಂಬ ನಗುವವನ ನೆರಳನ್ನು ನೋಡು ಎನ್ನುತ್ತಿದ್ದಳು ನನ್ನಜ್ಜಿ, ಕಥೆಯ ನಡುವೆ ದನಿ ತಗ್ಗಿಸಿ. ನಾನು ನೋಡಿದೆ. ನೆರಳು ಗೋಡೆಗೆ ಅಂಟಿಕೊಂಡು ಸುಮ್ಮನಿತ್ತು.

ಮಾವನ ಕಣ್ಣಿಗೆ ರೋಗಿಗಳ ಕಪ್ಪು ಕನ್ನಡಕ ಹಾಕಿದೆ. ಅದರೊಳಗಿಂದ ಏನೂ ಕಾಣುವುದಿಲ್ಲ. ಚಿಕ್ಕಮ್ಮ ತಣ್ಣನೆಯ ಯಂತ್ರದ ಹಿಡಿಕೆಯನ್ನು ಅವನ ಬಲಗಾಲಿಗೆ ಇಟ್ಟಳು.

“ಆಹಾ, ಬೆಚ್ಚಗಿದೆ,” ಎಂದ ಮಾವ.

ಕಂಪನಿಯವನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಚಿಕ್ಕಮ್ಮ ನಗಲಿಲ್ಲ. ಹಿಡಿಕೆಯನ್ನು ಗಾಳಿಗೆ ಎತ್ತಿದಳು.

“ಈಗ?”

“ಈಗ ಇನ್ನೂ ಹಿತವಾಗಿದೆ.”

ಅವನ ಹೆಬ್ಬೆರಳಿನ ಬದಿಗೆ ಉಗುರೂರಿ ಜೋರಾಗಿ ಒತ್ತಿದಳು. ಬಿಳಿಚಿಕೊಂಡ ಚರ್ಮದಲ್ಲಿ ಅರ್ಧಚಂದ್ರದಂಥ ಗುರುತು ಮೂಡಿತು. ಮಾವ ಕನ್ನಡಕದಡಿ ಮುಗುಳ್ನಗುತ್ತಲೇ ಇದ್ದ. ಕಂಪನಿಯವನು ಇನ್ನೊಂದು ಯಂತ್ರದ ಹಿಡಿಕೆ ಎತ್ತಿಕೊಂಡ.

“ಇನ್ನು ಬಿಸಿಯದ್ದು ಹಾಕ್ಲಾ ಮೇಡಂ?”

“ಮುಚ್ಚಿಡಿ ಅದನ್ನ. ಇಂಥವರ ಬಾಯಿಮಾತು ನಂಬಿ ನಡೆಸೋ ಯಂತ್ರ ನಂಗೆ ಬೇಡ. ತಣ್ಣಗಿರೋದೇ ಇರ್ಲಿ.” ಆಮೇಲೆ ದನಿ ಇಳಿಸಿ ಕೇಳಿದಳು. “ಅಣ್ಣಾ, ಬ್ರೇಕ್ ಒತ್ತೋದು ಇದೇ ಕಾಲಲ್ಲಿ ತಾನೆ?”

ಮಾವ ಕನ್ನಡಕ ತೆಗೆದ. ನಗು ಇನ್ನೂ ತುಟಿಯಲ್ಲಿತ್ತು, ಯಾರೋ ಮರೆತು ಹೋದ ಸಾಮಾನಿನಂತೆ.

“ಬಸ್ಸಿನ ಕೀ ಕೊಡು,” ಚಿಕ್ಕಮ್ಮ ಕೈ ಚಾಚಿದಳು.

“ಹುಚ್ಚಾ ನಿಂಗೆ? ಮಕ್ಕಳು ಗೇಟಲ್ಲಿ ಕಾಯ್ತಿರ್ತವೆ. ಈ ಕೆಲಸ ಹೋದ್ರೆ ನಾನು ಯಾರೇ?” ಅವನು ಚಪ್ಪಲಿಗೆ ಕಾಲು ತೂರಿಸುತ್ತ, ಒಳಗೆ ಹೋಯಿತೋ ಇಲ್ಲವೋ ಎಂದು ಬಗ್ಗಿ ನೋಡಿಕೊಂಡ. “ಅಭ್ಯಾಸ ಆಗಿದೆ ಬಿಡು. ಕಾಲು ಎಲ್ಲಿದೆ ಅಂತ ಹೀಗೇ ಒಂದ್ಸಲ ಬಗ್ಗಿ ನೋಡ್ಕೋತೀನಿ, ಆಮೇಲೆ ಒತ್ತೋದು. ಇಷ್ಟು ದಿನ ಏನಾದ್ರೂ ಆಯ್ತಾ?”

ಚಿಕ್ಕಮ್ಮ ಬಾಗಿಲಿಗೆ ಅಡ್ಡ ನಿಂತಳು. ಮಾವ ಅವಳನ್ನು ಮೆಲ್ಲಗೆ, ಚಿಕ್ಕಂದಿನಲ್ಲಿ ಎತ್ತಿ ಪಕ್ಕಕ್ಕಿಡುತ್ತಿದ್ದನಂತೆ, ಹಾಗೇ ಸರಿಸಿ ಹೊರಟ.

“ಪುಟ್ಟೀ, ಬಸ್ ಮುಂದೆ ಹೋಗಿ ನಿಲ್ಲೇ! ನಿನ್ನ ದಾಟಿ ಹೋಗಲ್ಲ ಅವನು!”

ನಾನು ಓಡಿದೆ. ಬೀದಿಯ ನಡುವೆ ನಿಂತು ಎರಡೂ ಕೈ ಚಾಚಿದೆ. ಎಂಜಿನ್ ಗುಡುಗಿತು. ಬಸ್ಸು ಜರುಗಿದ ಮೇಲೆಯೇ ಮಾವ ನನ್ನನ್ನು ಕಂಡದ್ದು. ಅವನ ಬಾಯಿ ನನ್ನ ಹೆಸರಿಗೆಂದು ತೆರೆಯಿತು.

ಆಮೇಲೆ ಗಾಜಿನ ಹಿಂದೆ ಆ ತಲೆ ಕೆಳಗೆ ಬಗ್ಗಿತು, ಕಾಲನ್ನು ಹುಡುಕಲು.