ಗಿರಣಿಗೆ ಮುಯ್ಯಾಳು

ದುಂಡಸಿಯಲ್ಲಿ ಮುಯ್ಯಾಳಿನ ಪದ್ಧತಿ ಇಂದು ನಿನ್ನೆಯದಲ್ಲ. ನಿಮ್ಮ ಹೊಲದ ಕಳೆಗೆ ನಾನು, ನನ್ನ ಹೊಲದ ಕಳೆಗೆ ನೀವು. ನನಗೆ ಜ್ವರ ಬಂದರೆ ನನ್ನ ಬದಲು ನನ್ನ ತಂಗಿ. ಯಾರು ಬಂದರೆಂದು ಯಾರೂ ಕೇಳುವುದಿಲ್ಲ, ಸಾಲು ಮುಗಿದರೆ ಸಾಕು. ಹೊಲಕ್ಕೆ ಇದು ಚಂದದ ಪದ್ಧತಿಯೇ. ಅಡಿವೆವ್ವ ಅದನ್ನು ಗಿರಣಿಗೂ ಹಚ್ಚಲು ಹೊರಟಳು.

ಅವಳ ಹಿರಿಯ ಸೊಸೆ ಶಾರವ್ವ ಶಿಗ್ಗಾಂವಿ ರಸ್ತೆಯ ನೂಲಿನ ಗಿರಣಿಗೆ ಹೋಗತೊಡಗಿ ಎರಡು ವರ್ಷವಾಗಿತ್ತು. 1982ರ ಆ ಶ್ರಾವಣದಲ್ಲಿ ಅವಳಿಗೆ ಎಂಟು ತಿಂಗಳು ತುಂಬುತ್ತ ಬಂದಿತ್ತು. ದಿನವಿಡೀ ನಿಂತು ನೂಲು ಸುತ್ತಿ ಕಾಲು ಬಾತಿದ್ದವು. ಮನೆಯಲ್ಲಿ ಕೂತರೆ ಕೆಲಸ ಹೋದೀತೆಂಬ ಹೆದರಿಕೆಗೆ ಅವಳಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

"ಅದಕ್ಯಾಕ ಅಷ್ಟ್ ಚಿಂತಿ?" ಎಂದಳು ಅಡಿವೆವ್ವ. "ಸೋಮವಾರದಿಂದ ನಮ್ಮ ಯಂಕವ್ವ ನಿನ್ನ ಹೆಸರಿನ ಮ್ಯಾಲೆ ಹೋಗ್ತಾಳ. ಆಳು ನೋಡ್ಕೊಳ್ಳೂ ಮುಕಾದಮಗ ಹೇಳೇನಿ, ಹೂಂ ಅಂದಾನ. ಅವಗ ತಲಿ ಎಣಿಕಿ ಬಂದ್ರ ಆತು."

ಯಂಕವ್ವ ಕಿರಿಯ ಸೊಸೆ, ಹತ್ತೊಂಬತ್ತರ ಹುಡುಗಿ. ದಿನಾ ಬಸ್ಸಿನಲ್ಲಿ ಹೋಗಬಹುದೆಂಬ ಆಸೆಗೇ ತಲೆಯಾಡಿಸಿಬಿಟ್ಟಳು.

ರವಿವಾರ ಬಾನುಬಿ ಬಸುರಿಯನ್ನು ಮಾತಾಡಿಸಲು ಬಂದಳು. ಅವಳೂ ಅದೇ ಗಿರಣಿಯವಳು, ಕಾರ್ಮಿಕ ಸಂಘದ ಸಭೆಯನ್ನು ಒಂದೂ ತಪ್ಪಿಸದವಳು. ಅಡಿವೆವ್ವನ ಏರ್ಪಾಟು ಕೇಳಿ ಚಹಾದ ಕಪ್ಪು ಕೆಳಗಿಟ್ಟಳು.

"ಅಡಿವೆವ್ವಾರ, ಒಂದ್ ಮಾತ್ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಯಂಕವ್ವನ ಕೈ ಮಷಿನ್ನಿಗೆ ಸಿಕ್ತು ಅನ್ರಿ. ಪರಿಹಾರ ಯಾರ ಕೇಳಬೇಕು? ಯಂಕವ್ವ ಹಾಜರಿ ಪುಸ್ತಕದಾಗ ಇಲ್ಲ. ಪುಸ್ತಕದಾಗಿನ ಶಾರವ್ವನ ಕೈ ಎರಡೂ ನೆಟ್ಟಗ ಅದಾವ."

ಅಡಿವೆವ್ವ ಕಿರಿಯ ಸೊಸೆಯ ಕೈ ನೋಡಿದಳು. ಆದರೂ ಅಷ್ಟಕ್ಕೆ ಸೋಲುವ ಜೀವವಲ್ಲ ಅದು.

"ಹಂಗಾರ ಇದ್ದ ಜಾಗಾ ಬಿಟ್ಟ ಕೊಡೂಣೇನು?"

"ಯಾಕ ಬಿಡ್ತೀರಿ? ಹಿಂದಿನ ಒಂದು ವರ್ಷದಾಗ ನೂರಾ ಅರವತ್ತು ದಿನ ದುಡದಾಕಿಗೆ ಬಾಣಂತನಕ್ಕ ಹನ್ನೆರಡು ವಾರ ಪಗಾರದ ರಜಾ ಐತಿ. ಆ ರಜಾದಾಗ ಕೆಲಸದಿಂದ ತಗಿಯಾಕ ಬರೂದಿಲ್ಲ. ಕಾಯ್ದೆ ಐತ್ರಿ."

"ದುಡೀಲಾರದ ಪಗಾರ ಕೊಡಾಕ ಅವರೇನ್ ನಮ್ಮ ಬೀಗರೇನು?"

ಬಾನುಬಿ ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ನಾನೂ ಹಿಂಗ ಅಂದಿದ್ದೆ. ಸಣ್ಣ ಮಗ ಹುಟ್ಟಿದಾಗ ನಮ್ಮಕ್ಕನ್ನ ನನ್ನ ಹೆಸರಿನ ಮ್ಯಾಲೆ ಕಳಿಸಿದೆ. ಯಾರೋ ಚಾಡಿ ಹೇಳಿದ್ರು, ಇಬ್ಬರನ್ನೂ ಹೊರಗ ಹಾಕಿದ್ರು. ಐದು ವರ್ಷದ ಸರ್ವೀಸು ನೀರಾಗ ಹೋತು. ಈಗ ಇರೂದು ಹೊಸಾ ಆಳಾಗಿ ಸೇರಿದ್ದು."

ಶಾರವ್ವ ಎದ್ದು ಒಳಗಿನಿಂದ ಕಾಗದ, ಪೆನ್ನು ತಂದಳು. ನಾಲ್ಕನೆಯ ಇಯತ್ತೆ ಕಲಿತವಳು. ಬಾನುಬಿ ಹೇಳುತ್ತ ಹೋದಳು, ಇವಳು ರಜೆಯ ಅರ್ಜಿ ಬರೆಯುತ್ತ ಹೋದಳು.

ಸೋಮವಾರ ಇಬ್ಬರೂ ಸೊಸೆಯರು ಗಿರಣಿಗೆ ಹೋದರು. ಮುಕಾದಮ ಮುಖ ಸಿಂಡರಿಸಿದ.

"ಮನ್ಯಾಗ ಹೊಂದಿಸ್ಕೊಂಡಿದ್ರೆಲ್ಲ, ಕಾಗದ ಯಾಕ ಬೇಕಿತ್ತು?"

"ಬೇಕ್ರಿ," ಎಂದಳು ಶಾರವ್ವ. ಅರ್ಜಿಯನ್ನು ಅವನ ಮುಂದೆಯೇ ಹಿಡಿದಳು. "ನಾ ಬರೂತನಕ ನನ್ನ ಜಾಗಕ್ಕ ಬದಲಿ ಆಳು ತಗೋತೀರೆಲ್ಲ, ಈಕೀನ್ನ ತಗೋರಿ. ಆದ್ರ ಈಕಿ ಹೆಸರು ಯಂಕವ್ವ. ಹಂಗ ಬರೀರಿ."

ಆಫೀಸಿನ ಕಾರಕೂನ ಹಾಜರಿ ಪುಸ್ತಕ ತಿರುವಿ ದಿನ ಎಣಿಸಿದ. ಬೇಕಾದ್ದಕ್ಕಿಂತ ಹೆಚ್ಚೇ ಇದ್ದವು. ಅರ್ಜಿ ತೆಗೆದುಕೊಂಡು ಅದು ಮುಟ್ಟಿದ್ದಕ್ಕೆ ಪೋಚಪಾವತಿ ಕೊಟ್ಟ. ಬದಲಿ ಆಳಿನ ಕಾರ್ಡಿನ ಮೇಲೆ ಯಂಕವ್ವನ ಹೆಸರು ಬರೆದ.

ಸಂಜೆ ಅಡಿವೆವ್ವ ಆ ಕಾರ್ಡನ್ನು ಬಾಗಿಲ ಬೆಳಕಿಗೆ ಹಿಡಿದಳು. ಓದು ಬಾರದ ಮುದುಕಿ.

"ಇದರಾಗ ಹೆಸರು ಎಲ್ಲೈತಿ?"

ಶಾರವ್ವ ಬೆರಳಿಟ್ಟು ತೋರಿಸಿದಳು. ಅಡಿವೆವ್ವ ಅಕ್ಷರದ ಮೇಲೆ ಕೈಯಾಡಿಸಿದಳು.

"ನಲವತ್ತು ವರ್ಷ ಮಂದಿ ಹೊಲದಾಗ ದುಡದೇನಿ. ನನ್ನ ಹೆಸರು ಎಲ್ಯಾರ ಬರದೈತೇನ್ ಶಾರವ್ವಾ?"

ಶಾರವ್ವ ಅತ್ತೆಯ ಕೈ ಹಿಡಿದುಕೊಂಡಳು. ಹೊಟ್ಟೆಯೊಳಗಿನ ಕೂಸು ಒದೆಯಿತು.

ಅಕ್ಕತಂಗಿಯರೇ, ಗಿರಣಿಗೋ ಕಾರ್ಖಾನೆಗೋ ದುಡಿಯಲು ಹೋಗುತ್ತೀರಾ? ನಾಳೆಯೇ ಕೇಳಿರಿ: ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಎಲ್ಲಿದೆ? ಓದಲು ಬರದಿದ್ದರೆ ಬಲ್ಲವರಿಂದ ಓದಿಸಿರಿ. ಬೇರೆಯವರ ಹೆಸರಿನಲ್ಲಿ ಒಂದು ದಿನವೂ ದುಡಿಯಬೇಡಿರಿ. ನಿಮ್ಮ ಬೆವರು ನಿಮ್ಮ ಹೆಸರಿಗೇ ಸೇರಲಿ.